ಸೆಖ್ಮೆತ್‌ಳ ಬಾಯಾರಿಕೆ

ಅರ್ಧ ಕಥೆ ಕೇಳಿ ಹೆಸರಿಟ್ಟರೆ ಏನಾಗುತ್ತದೆ ಎಂದು ಯಾರಾದರೂ ಕೇಳಿದರೆ ನಮ್ಮ ನಾಲೆ ಬಯಲಿಗೆ ಕರೆತಂದು ತೋರಿಸಬಹುದು. ಪ್ರಾಚೀನ ಈಜಿಪ್ಟಿನವರು ಪೂಜಿಸುತ್ತಿದ್ದ ಸಿಂಹಮುಖದ ದೇವಿ ಸೆಖ್ಮೆತ್. ರೋಗ ತರುವವಳೂ ಅವಳೇ, ಕಳೆಯುವವಳೂ ಅವಳೇ, ನಮ್ಮ ಮಾರಮ್ಮನ ಹಾಗೆ. ಸೊಳ್ಳೆ ಕೊಲ್ಲುವ ಹಾರುಯಂತ್ರಗಳ ಹಿಂಡಿಗೆ ನಮ್ಮ ಮುಖ್ಯಸ್ಥರಾದ ಡಾಕ್ಟರ್ ಪದ್ಮನಾಭಯ್ಯ ಆ ಹೆಸರು ಇಟ್ಟಾಗ ನಾವೆಲ್ಲ ಚಪ್ಪಾಳೆ ತಟ್ಟಿದ್ದೆವು. ಹಿಂಡನ್ನು ಹಾರಿಬಿಟ್ಟ ನಲವತ್ತೊಂದನೆಯ ದಿನದ ಹೊತ್ತಿಗೆ ಚಪ್ಪಾಳೆ ಹಾಗಿರಲಿ, ಚಹಾದ ಲೋಟ ಎತ್ತುವುದಕ್ಕೂ ಕೈ ಸೋತಿತ್ತು.

ನಾನು ಶಿವರುದ್ರ. ಆ ಹಿಂಡಿಗೆ ಆದೇಶ ಬರೆಯುವವನು. ನೀರಾವರಿ ಇಲಾಖೆಯ ಹಳೆಯ ಬಂಗಲೆಯೊಂದರಲ್ಲಿ ನಮ್ಮ ನಿಯಂತ್ರಣ ಕೊಠಡಿ. ಹಿತ್ತಲಲ್ಲಿ ಯಂತ್ರಗಳ ಗೂಡು, ಸಾಲುಸಾಲು ತಂತಿಯ ಚೌಕಟ್ಟುಗಳು. ಒಳಗೆ ಆರು ಪರದೆ, ಮೂರು ಕುರ್ಚಿ, ಕಿಟಕಿಗೆಲ್ಲ ಎರಡು ಪದರದ ಬಲೆ. ಬಲೆಯ ಹೊರಗೆ ಗುಂಯ್ ಎನ್ನುವ ಸದ್ದು ಹಗಲೂ ರಾತ್ರಿಯೂ ನಿಲ್ಲುತ್ತಿರಲಿಲ್ಲ. ಮೊದಮೊದಲು ಆ ಸದ್ದಿಗೆ ಬೆವರುತ್ತಿದ್ದೆವು. ಆಮೇಲೆ ಅದು ನಿಂತರೇ ನಿದ್ದೆ ಬಾರದೇನೋ ಎನ್ನುವಷ್ಟು ರೂಢಿಯಾಯಿತು.

ಯಂತ್ರ ಒಂದೊಂದೂ ಜೇನ್ನೊಣದಷ್ಟು. ಜನ ಅದನ್ನು ಕಬ್ಬಿಣದ ನೊಣ ಎನ್ನುತ್ತಿದ್ದರು, ಅದರಲ್ಲಿ ಕಬ್ಬಿಣವೇನೂ ಇರಲಿಲ್ಲ. ರೆಕ್ಕೆಯ ಮೇಲೆ ಬಿದ್ದ ಬಿಸಿಲೇ ಅದರ ಊಟ. ಉಳಿಸಿಕೊಂಡ ಬಿಸಿಲಿನಲ್ಲಿ ರಾತ್ರಿಯೂ ಹಾರುತ್ತಿತ್ತು. ರಕ್ತ ಕುಡಿದ ಸೊಳ್ಳೆಯನ್ನು ಹೊಟ್ಟೆಯ ಕೆಂಪಿನಿಂದ ಗುರುತಿಸುವುದು, ಹಿಡಿದು ಕೊಲ್ಲುವುದು, ಆ ರಕ್ತವನ್ನು ತನ್ನ ಪುಟ್ಟ ಚೀಲಕ್ಕೆ ಹೀರಿಕೊಳ್ಳುವುದು, ಚೀಲ ತುಂಬಿದ ಮೇಲೆ ಗೂಡಿಗೆ ಬರುವುದು. ಆ ರಕ್ತ ಪರೀಕ್ಷಿಸಿದರೆ ಯಾವ ಬೀದಿಯಲ್ಲಿ ಡೆಂಗಿ ಸುಳಿದಾಡುತ್ತಿದೆ ಎಂದು ಯಾರಿಗೂ ಜ್ವರ ಬರುವ ಮೊದಲೇ ತಿಳಿಯುತ್ತಿತ್ತು. ಯಾರೂ ಅಪಹರಿಸಬಾರದೆಂದು, ಹಾರುವಾಗ ಹೊರಗಿನ ಯಾವ ಸಂಕೇತವನ್ನೂ ಕೇಳದಂತೆ ಅವುಗಳ ಕಿವಿ ಮುಚ್ಚಿದ್ದೆವು. ಹೊಸ ಆದೇಶ ಕೊಡಬೇಕಾದರೆ ಗೂಡಿಗೆ ಬಂದಾಗ ಮಾತ್ರ. ಗೂಡಿಗೆ ಬರುವುದು ಚೀಲ ತುಂಬಿದಾಗ ಮಾತ್ರ.

ಹತ್ತೊಂಬತ್ತನೆಯ ದಿನ ತಾಲ್ಲೂಕಿನಲ್ಲಿ ಸೊಳ್ಳೆ ಮುಗಿದವು. ನಾವು ಮೈಸೂರುಪಾಕು ಹಂಚಿದೆವು. ಮೂವತ್ತೇಳು ಲಕ್ಷ ನೊಣಗಳು ಅರೆಹೊಟ್ಟೆಯಲ್ಲಿ ಆಕಾಶದಲ್ಲಿದ್ದವು ಎಂಬುದು ಆ ಸಿಹಿಯ ಮಧ್ಯೆ ಯಾರಿಗೂ ಹೊಳೆಯಲಿಲ್ಲ. ಅವು ಕೆಂಪು ಹುಡುಕುತ್ತಾ ಹೊರಟವು. ಮೊದಲು ನೊಗದ ಹುಣ್ಣಿದ್ದ ಎತ್ತುಗಳು. ಆಮೇಲೆ ಗಡ್ಡ ಕೆರೆದುಕೊಳ್ಳುವಾಗ ಗಾಯ ಮಾಡಿಕೊಂಡವರು, ಮಂಡಿ ತರಚಿಕೊಂಡ ಮಕ್ಕಳು. ಒಂದು ನೊಣ ಕುಡಿಯುವುದು ಒಂದು ಹನಿ. ಒಂದು ಗಾಯಕ್ಕೆ ಮುತ್ತುತ್ತಿದ್ದವು ಸಾವಿರಾರು. ಮೂವರು ಸತ್ತರು. ವಾಹನಗಳಿಗೆ ಅಂಟಿಕೊಂಡು ಬೇರೆ ಊರಿಗೆ ಹಬ್ಬುತ್ತವೆಂದು ತಾಲ್ಲೂಕಿನ ಗಡಿ ಮುಚ್ಚಿದರು. ಹೆಂಗಸರು ತಿಂಗಳಿಗೆ ನಾಲ್ಕು ದಿನ ಬಲೆಯೊಳಗೇ ಕೂರುವುದು ಅನಿವಾರ್ಯವಾಯಿತು. ಅಜ್ಜಿಯರ ಕಾಲಕ್ಕೆ ಊರನ್ನು ಹಿಂದಕ್ಕೆ ತಳ್ಳಿದ ವಿಜ್ಞಾನಿ ಎಂದು ಯಾರೋ ನಮ್ಮ ಗೇಟಿನ ಮೇಲೆ ಬರೆದು ಹೋದರು. ಬರೆದದ್ದು ಸುಳ್ಳಲ್ಲ, ಹಾಗಾಗಿ ಅಳಿಸಲಿಲ್ಲ.

ಮೂವತ್ತನಾಲ್ಕನೆಯ ದಿನ ಊರಿನ ಡಯಾಲಿಸಿಸ್ ಕೇಂದ್ರ ಮುಚ್ಚಿತು. ಕೊಳವೆಗಳಲ್ಲಿ ರಕ್ತ ಹರಿಯುವ ಜಾಗ ಅದು. ಹವಾನಿಯಂತ್ರಕದ ಸಂದಿಯಿಂದ ನುಗ್ಗಿದ ನೊಣಗಳನ್ನು ಮೂರು ಸಲ ಓಡಿಸಿ, ನಾಲ್ಕನೆಯ ಸಲ ಬಾಗಿಲಿಗೆ ಬೀಗ ಹಾಕಿದರು. ನನ್ನ ಅಕ್ಕ ನಂಜಮಣಿಗೆ ವಾರಕ್ಕೆ ಮೂರು ಸಲ ಅಲ್ಲಿ ಡಯಾಲಿಸಿಸ್ ಆಗುತ್ತಿತ್ತು. ಎರಡೂ ಮೂತ್ರಪಿಂಡ ಕೈಕೊಟ್ಟು ಒಂದೂವರೆ ವರ್ಷವಾಗಿತ್ತು. ಯಂತ್ರವಿಲ್ಲದೆ ಅವಳು ಎಂಟು ಹತ್ತು ದಿನಕ್ಕಿಂತ ಹೆಚ್ಚು ಬದುಕುವುದು ಕಷ್ಟ ಎಂದು ವೈದ್ಯರು ಫೋನಿನಲ್ಲಿ ಹೇಳಿದ್ದರು. ನಲವತ್ತೊಂದನೆಯ ದಿನಕ್ಕೆ ಕೇಂದ್ರ ಮುಚ್ಚಿ ಏಳು ದಿನ ಆಗಿತ್ತು.

ಅಂದು ಮಧ್ಯಾಹ್ನ ಊಟಕ್ಕೆಂದು ಮನೆಗೆ ಹೋದೆ. ನೊಣ ಮುತ್ತದಿರಲೆಂದು ಹೊದ್ದುಕೊಂಡ ಒದ್ದೆ ಗೋಣಿಯನ್ನು ಬಾಗಿಲಲ್ಲಿ ಕೊಡವಿ, ಬಲೆಯ ಎರಡನೆಯ ಪರದೆ ದಾಟಿ ಒಳಗೆ ಬಂದರೆ ಅಕ್ಕ ಗೋಡೆಗೆ ಎರಡು ದಿಂಬು ಕೊಟ್ಟು ಒರಗಿ ಕೂತಿದ್ದಳು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಕಾಲು ಊದಿ ಹೊಳೆಯುತ್ತಿದ್ದವು. ಪಕ್ಕದಲ್ಲಿ ಅವಳ ದಿನದ ನೀರು, ಒಂದು ಲೋಟ. ಅದರಲ್ಲೂ ಅರ್ಧ ಹಾಗೆಯೇ ಇತ್ತು.

"ಬಾಯಿ ಒಣಗ್ತಿಲ್ವಾ ಅಕ್ಕ?"

"ಒಣಗ್ದೆ ಇರುತ್ತಾ? ಕುಡುದ್ರೆ ಎದೆಗೇ ಏರುತ್ತೆ ಕಣೋ. ನೋಡ್ತಾ ಕೂತಿದೀನಿ, ಅಷ್ಟೇ." ಅವಳು ಸ್ವಲ್ಪ ಹೊತ್ತು ಉಸಿರಾಡಿದಳು. "ಏನಾಯ್ತೋ ನಿನ್ ಬೀಡಾಡಿಗಳ ಕಥೆ?"

"ಯೋಚ್ನೆ ಮಾಡ್ತಿದೀವಿ."

"ಟೀವೀಲಿ ಹೇಳ್ತಿದ್ರು. ಹೊಟ್ಟೆ ತುಂಬೋವರ್ಗೂ ಬರಲ್ವಂತೆ, ಹಾಗಂತ ಯಾರೋ ಬರ್ದಿದಾರಂತೆ." ನನ್ನ ಮುಖವನ್ನೇ ನೋಡುತ್ತಾ ಕೇಳಿದಳು. "ಅದು ನನ್ ಮಾತಲ್ವೇನೋ?"

ನಾನು ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದೆ. ಎರಡು ವರ್ಷದ ಹಿಂದೆ ಅವಳ ಮಗ ಭುವನ್ ಡೆಂಗಿಯಿಂದ ಸತ್ತ. ಒಂಬತ್ತು ವರ್ಷ. ನಾಲ್ಕೇ ದಿನದ ಜ್ವರ. ತಿಥಿ ಮುಗಿಸಿ ತಮ್ಮ ಊರಿಗೆ ಹೋದ ಭಾವ ಮತ್ತೆ ಬರಲಿಲ್ಲ. ಅಕ್ಕ ನನ್ನ ಜೊತೆ ಬಂದಳು, ಅತ್ತು ಅತ್ತು ಮೈಯ ನೀರೆಲ್ಲ ಹೋಯಿತೇನೋ ಎಂಬಂತೆ ಒಣಗಿದಳು. ಆರು ತಿಂಗಳಲ್ಲಿ ಅವಳ ಮೂತ್ರಪಿಂಡವೂ ಹೋಯಿತು. ಹಿಂಡಿನ ಕೆಲಸ ನನಗೆ ಸಿಕ್ಕಿದ್ದು ಆಗಲೇ. ಆದೇಶ ಬರೆಯುವ ದಿನ ಅಡುಗೆಮನೆಯಲ್ಲಿ ಅವಳನ್ನು ಕೇಳಿದ್ದೆ, ಇವು ಯಾವಾಗ ವಾಪಸು ಬರಬೇಕು ಅಂತೀಯಾ ಎಂದು. ಅವಳು ಸೊಪ್ಪು ಸೋಸುತ್ತಾ ತಲೆಯೆತ್ತದೆ ಹೇಳಿದ್ದಳು, "ಹೊಟ್ಟೆ ತುಂಬಿದ್ ಮೇಲೆ. ಅದುಕ್ ಮುಂಚೆ ಬಂದ್ರೆ ಬಾಗಿಲು ತೆಗೀಬೇಡ." ದಿನಕ್ಕೊಮ್ಮೆ ಬರಲಿ ಎಂದು ಸಹೋದ್ಯೋಗಿಗಳು ಹೇಳಿದಾಗ ನಾನೇ ಹಟ ಹಿಡಿದು ಆ ವಾಕ್ಯವನ್ನು ಉಳಿಸಿಕೊಂಡಿದ್ದೆ. ನನಗೂ ಸಿಟ್ಟಿತ್ತು. ಭುವನ್ ನನ್ನ ಹೆಗಲ ಮೇಲೆ ಬೆಳೆದ ಮಗು.

"ಮಾತು ನಿಂದು. ಬರ್ದೋನು ನಾನು," ಎಂದೆ.

"ಹಂಗಾದ್ರೆ ನಮ್ಮಿಬ್ರಿಗೂ ಆಗ್ಬೇಕಾದ್ದೇ," ಎಂದು ಅಕ್ಕ ಕಣ್ಣು ಮುಚ್ಚಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಒಳ್ಳೆಯದಿತ್ತು. ತಟ್ಟೆ ತೊಳೆದಿಟ್ಟು ಮತ್ತೆ ಗೋಣಿ ಹೊದ್ದು ಹೊರಟೆ. ಅಕ್ಕ ಸತ್ತರೆ ಈ ಬಂಗಲೆ, ಈ ಕೆಲಸ, ನಾನು, ಯಾವುದಕ್ಕೂ ಅರ್ಥ ಉಳಿಯುವುದಿಲ್ಲ ಎಂದು ದಾರಿಯುದ್ದಕ್ಕೂ ಅನ್ನಿಸುತ್ತಿತ್ತು.

ಹಿಂದಿನ ವಾರ ಒಂದು ಪ್ರಯತ್ನ ಆಗಿತ್ತು. ಹನ್ನೆರಡು ಆಡು ಕಡಿದು ಬಯಲಲ್ಲಿ ರಕ್ತ ಇಟ್ಟಿದ್ದರು. ಬಿಸಿಲಿಗೆ ಐದೇ ನಿಮಿಷದಲ್ಲಿ ಹೆಪ್ಪುಗಟ್ಟಿತು. ಮುಂದಿದ್ದ ಕೆಲವು ಸಾವಿರ ನೊಣ ಕುಡಿದು ಗೂಡಿಗೆ ಬಂದವು, ಹಿಂದಿದ್ದವು ಕೆರಳಿ ಆಡು ಕಡಿದವರ ಕೈಗೇ ಮುತ್ತಿದವು. ಈಗ ತಾಲ್ಲೂಕಿನ ಕುರಿಗಳನ್ನೆಲ್ಲ ಬಯಲಿಗೆ ಹೊಡೆದು, ಬದುಕಿದ್ದಂತೆಯೇ ಗಾಯ ಮಾಡಿ ಬಿಡುವುದೆಂಬ ಆಲೋಚನೆ ನಡೆದಿತ್ತು. ನಾನು ಬಂಗಲೆಗೆ ಮರಳಿದಾಗ ಪದ್ಮನಾಭಯ್ಯ ಅದಕ್ಕೆ ಒಪ್ಪಿಗೆ ಕೇಳಿ ಬಂದ ಕಾಗದದ ಮುಂದೆ ತಲೆಗೆ ಕೈಕೊಟ್ಟು ಕೂತಿದ್ದರು. ಎಪ್ಪತ್ತರ ಹತ್ತಿರದ ಮನುಷ್ಯ. ನಲವತ್ತು ದಿನದಲ್ಲಿ ಇನ್ನೂ ಹತ್ತು ವರ್ಷ ಸೇರಿಸಿಕೊಂಡಿದ್ದರು.

"ಸಹಿ ಹಾಕ್ಲೇನಯ್ಯ?" ಎಂದು ಕೇಳಿದರು.

ನಾನು ಉತ್ತರ ಕೊಡುವಷ್ಟರಲ್ಲಿ ಗೂಡಿನ ಪರದೆ ಕಿಣಿ ಎಂದಿತು. ಹನ್ನೊಂದು ನೊಣ ಬಂದು ಕೂತಿದ್ದವು. ದಿನಕ್ಕೆ ಅಷ್ಟಿಷ್ಟು ಬರುವುದು ಹೊಸದಲ್ಲ. ಆದರೆ ಹನ್ನೊಂದೂ ಒಂದೇ ಕಡೆಯಿಂದ ಬಂದಿದ್ದವು, ಅದೂ ನಮ್ಮ ಗೇಟಿನಿಂದ. ಗೇಟಿನಲ್ಲಿ ಯಾರಿಗೂ ಗಾಯವಾಗಿರಲಿಲ್ಲ. ಒಂದರ ಚೀಲ ಬಿಚ್ಚಿ ಗಾಜಿನ ಮೇಲೆ ಹಾಕಿದೆ. ಕೆಂಪಗಿತ್ತು. ಸೂಕ್ಷ್ಮದರ್ಶಕದಲ್ಲಿ ಒಂದೇ ಒಂದು ರಕ್ತಕಣ ಇರಲಿಲ್ಲ.

ಬಂಗಲೆಯಲ್ಲಿ ಅಡುಗೆ, ಕಸಗುಡಿಸುವುದು ಎರಡನ್ನೂ ನೋಡಿಕೊಳ್ಳುವ ಸಾಕಮ್ಮ ಬಾಗಿಲಲ್ಲಿ ಸೆರಗು ಹಿಡಿದು ನಿಂತಿದ್ದಳು. ಗೇಟಿನ ಪಕ್ಕದ ಕೋಣೆಯೇ ಅವಳ ಮನೆ. ಏನೋ ಅಚಾತುರ್ಯವಾಗಿದೆ ಎಂದು ಅವಳಿಗೆ ನಮಗಿಂತ ಮೊದಲೇ ತಿಳಿದಂತಿತ್ತು.

"ಅದು ನಾನ್ ಚೆಲ್ಲಿದ್ದು ಸಾ. ಓಕ್ಳಿ ನೀರು."

"ಯಾವ ಓಕುಳಿ?"

"ಮಗಳು ಮಗೀನ್ ಎತ್ಕಂಡ್ ಆಸ್ಪತ್ರೆಯಿಂದ ಬಂದ್ಲು. ಬಾಣಂತೀನ ಹಂಗೇ ಒಳೀಕೆ ಕರ್ಕಳಕಾಯ್ತದಾ? ಅರಿಶಿನಕ್ಕೆ ಸುಣ್ಣ ಕಲ್ಸಿ ಆರತಿ ಎತ್ದೆ. ಈ ನೊಣುದ್ ಕಾಟ್ದಾಗೆ ಮಗೀಗೆ ದಿಷ್ಟಿ ಆಗ್ಬಾರ್ದು ಅಂತ ಒಂದ್ ಇಡಿ ಉಪ್ಪೂ ಆಕಿದ್ದೆ. ಗೇಟ್ ತಾವ ಚೆಲ್ದೆ. ತಪ್ಪಾಯ್ತಾ ಸಾ?"

ಅರಿಶಿನದ ನೀರಿಗೆ ಸುಣ್ಣ ಬಿದ್ದರೆ ರಕ್ತದ ಬಣ್ಣ ಬರುತ್ತದೆ. ಇದು ನಮ್ಮ ಕಡೆ ಮದುವೆಯಾದ ಹೆಣ್ಣುಮಕ್ಕಳಿಗೆಲ್ಲ ಗೊತ್ತು. ಬಣ್ಣ ತಿಳಿಯುವ ಕಣ್ಣು, ಉಪ್ಪು ತಿಳಿಯುವ ನಾಲಿಗೆ, ನಮ್ಮ ನೊಣಕ್ಕೆ ಇದ್ದದ್ದು ಇಷ್ಟೇ. ಕೆಂಪಾಗಿ ಉಪ್ಪಾಗಿ ಇದ್ದದ್ದೆಲ್ಲ ಅದರ ಪಾಲಿಗೆ ರಕ್ತ. ಹಾಗೆ ಮಾಡಿದವರು ನಾವೇ, ತೂಕ ಕಡಿಮೆಯಾಗಲಿ ಎಂದು. ಸಾಕಮ್ಮನ ಓಕುಳಿ ಹೆಪ್ಪುಗಟ್ಟುವಂಥದ್ದೂ ಅಲ್ಲ.

ಪದ್ಮನಾಭಯ್ಯ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ನಗತೊಡಗಿದರು. ಹೆದರಿಕೆಯಾಗುವಂಥ ಸುಸ್ತಾದ ನಗು.

"ಆ ದೇವೀದು ಅರ್ಧ ಕಥೆ ಮಾತ್ರ ನಿಮಗೆಲ್ಲ ಹೇಳಿದ್ದೆ ಶಿವರುದ್ರ," ಎಂದರು. "ಸೂರ್ಯದೇವ ರಾ ಮುದುಕನಾದ. ಜನ ಅವನನ್ನ ಆಡಿಕೊಂಡ್ರು. ಅವನಿಗೆ ಸಿಟ್ಟು ಬಂತು, ತನ್ನ ಕಣ್ಣನ್ನೇ ಕಿತ್ತು ಸೆಖ್ಮೆತ್ ಮಾಡಿ ಕಳಿಸಿದ. ಅವಳು ಕೊಂದಳು. ನಾನು ಸರ್ಕಾರಕ್ಕೆ ಹೇಳಿದ್ದು ಅಲ್ಲೀವರೆಗೆ."

"ಆಮೇಲೆ?"

"ಆಮೇಲೆ ರುಚಿ ಹತ್ತಿತು. ನಿಲ್ಲು ಅಂದ್ರೆ ನಿಲ್ಲಲಿಲ್ಲ. ರಾ ದೇವನಿಗೆ ಮರುಕ ಹುಟ್ತು. ಏಳು ಸಾವಿರ ಹಂಡೆ ಮದ್ಯ ಮಾಡಿಸಿ, ಕೆಮ್ಮಣ್ಣು ಕದಡಿ, ಹೊಲದ ತುಂಬ ಹುಯ್ಸಿದ. ಬೆಳಗ್ಗೆ ಬಂದೋಳು ರಕ್ತ ಅಂದುಕೊಂಡು ಕುಡಿದಳು, ಅಮಲೇರಿ ಕೊಲ್ಲೋದನ್ನೇ ಮರೆತಳು. ಮಕ್ಕಳ ಕಥೆ ಅಂತ ಆ ಭಾಗ ಬಿಟ್ಬಿಟ್ಟೆ. ವರದಿಗೆ ಚೆಂದ ಕಾಣಲ್ಲ ಅಂತ."

ಅವರು ಕುರಿಗಳ ಕಾಗದವನ್ನು ಮಡಚಿ ಮೇಜಿನ ಖಾನೆಯಲ್ಲಿ ಇಟ್ಟರು. ಯಾರೂ ಕುಣಿಯಲಿಲ್ಲ, ಅದಕ್ಕೂ ಶಕ್ತಿ ಬೇಕಲ್ಲ. ಸಾಕಮ್ಮ ಮಾತ್ರ, "ಅಂಗಾದ್ರೆ ನಾನ್ ಬೈಸ್ಕಳಂಗಿಲ್ವಾ?" ಎಂದು ಕೇಳಿ ಖಚಿತ ಮಾಡಿಕೊಂಡು ಒಲೆಯ ಕಡೆ ಹೋದಳು.

ಊರಿನ ಅಂಗಡಿಗಳ ಅರಿಶಿನವೆಲ್ಲ ಸಂಜೆಯೊಳಗೆ ಬಂತು. ವೀಳ್ಯದೆಲೆ ಮಾರುವವರು ಡಬ್ಬಿ ಡಬ್ಬಿ ಸುಣ್ಣ ಕೊಟ್ಟರು, ಗೋಡೆಗೆ ಬಳಿಯಲೆಂದು ಇಟ್ಟಿದ್ದ ಸುಣ್ಣದ ಮೂಟೆಗಳೂ ಉಪ್ಪಿನ ಚೀಲಗಳೂ ಬಂದವು. ಕಲ್ಯಾಣ ಮಂಟಪದ ಹಂಡೆ ಕೊಪ್ಪರಿಗೆಗಳನ್ನು ಟ್ರ್ಯಾಕ್ಟರಿನಲ್ಲಿ ತಂದು ಬಂಗಲೆಯ ಹಜಾರದಲ್ಲಿ ಬಲೆಯೊಳಗೆ ಸಾಲಾಗಿ ಇಟ್ಟೆವು. ಎಷ್ಟು ಅರಿಶಿನಕ್ಕೆ ಎಷ್ಟು ಸುಣ್ಣ ಎಂದು ನಾನು ಕಾಗದ ಪೆನ್ನು ಹಿಡಿದು ಕೂತೆ. ಸಾಕಮ್ಮನ ಜೊತೆ ಬಂದ ಹೆಂಗಸರು ನನ್ನತ್ತ ನೋಡಲೂ ಇಲ್ಲ. ಕೈಯಲ್ಲಿ ಕದಡಿ, ಬೆರಳೆತ್ತಿ ಬೆಳಕಿಗೆ ಹಿಡಿದು, "ಇನ್ನೊಸಿ ಬೇಕು ಕನಕ್ಕ, ಇದಿನ್ನೂ ಇಟ್ಟಿಗೆ ಬಣ್ಣ," ಎನ್ನುತ್ತಿದ್ದರು. ಸುಣ್ಣಕ್ಕೆ ಅವರ ಅಂಗೈಯೆಲ್ಲ ಉರಿಯುತ್ತಿತ್ತು. ಕುಯ್ಲಾದ ಗದ್ದೆಯ ಐದು ಮಡಿಗಳಿಗೆ ಬದು ಕಟ್ಟಿ, ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ ಇಟ್ಟಿದ್ದರು.

ಮರುದಿನ ಬೆಳಿಗ್ಗೆ ಆರೂವರೆಗೆ ಓಕುಳಿ ಮಡಿಗಳಿಗೆ ಇಳಿಯಿತು. ನಾವು ಪರದೆಯ ಮುಂದೆ ಕೂತಿದ್ದೆವು. ಹತ್ತು ನಿಮಿಷ ಏನೂ ಆಗಲಿಲ್ಲ. ಅಕ್ಕನ ಪಕ್ಕ ರಾತ್ರಿ ಕೂತಿದ್ದ ನೆರೆಮನೆಯಾಕೆ ಫೋನು ಮಾಡಿ, ಉಸಿರು ಗೊರಗುಟ್ಟುತ್ತಿದೆ, ಬೇಗ ಏನಾದರೂ ಮಾಡಿ ಎಂದಳು. ನಾನು ಮಾಡುತ್ತಿದ್ದೇನೆ ಎಂದೆ. ನನಗೆ ಮಾಡಲು ಏನೂ ಉಳಿದಿರಲಿಲ್ಲ, ನೋಡುವುದೊಂದೇ.

ಆಮೇಲೆ ಕಿಟಕಿಯ ಹೊರಗಿನ ಗುಂಯ್ ಸದ್ದು ತೆಳ್ಳಗಾಯಿತು. ಪರದೆಯಲ್ಲಿ ಮೊದಲನೆಯ ಮಡಿಯ ಅಂಚು ಕಪ್ಪಾಯಿತು, ಎರಡನೆಯದು ಕಪ್ಪಾಯಿತು. ಹಿಂಡು ಊರಿನ ಮೇಲಿಂದ, ಆಸ್ಪತ್ರೆಯ ಛಾವಣಿಯಿಂದ, ಕೊಟ್ಟಿಗೆಗಳಿಂದ ಕಳಚಿಕೊಂಡು ಗದ್ದೆಗೆ ಇಳಿಯಿತು. ಕುಡಿದವು ಮೇಲೆದ್ದು ಓಲಾಡುತ್ತಾ ಗೂಡಿನ ಕಡೆ ಹೊರಟವು. ಸುಣ್ಣದ ನೀರು ಹೊಟ್ಟೆ ಸೇರಿ ಅರ್ಧಕ್ಕರ್ಧ ದಾರಿಯಲ್ಲೇ ಉದುರಿದವು. ಗೂಡು ಸೇರಿದವುಗಳಿಗೆ ನಾನು ಒಂದೇ ಆದೇಶ ಕೊಡುತ್ತಾ ಹೋದೆ, ಮಲಗು. ಹತ್ತು ಗಂಟೆಗೆ ಊರಿನಲ್ಲಿ ಎಷ್ಟು ನಿಶ್ಶಬ್ದವಿತ್ತೆಂದರೆ ದೂರದ ನಾಲೆಯ ನೀರು ಹರಿಯುವುದು ಕೇಳಿಸುತ್ತಿತ್ತು. ಪದ್ಮನಾಭಯ್ಯ ಕುರ್ಚಿಯಲ್ಲೇ ಬಾಯಿ ತೆರೆದು ನಿದ್ದೆ ಹೋಗಿದ್ದರು. ಅವರ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನಾನು ಮನೆಗೆ ಓಡಿದೆ.

ಅಕ್ಕನನ್ನು ಆಟೋದಲ್ಲಿ ನನ್ನ ಎದೆಗೆ ಒರಗಿಸಿಕೊಂಡು ಕರೆದುಕೊಂಡು ಹೋದೆ. ದಾರಿಯ ಮೇಲೆಲ್ಲ ಬಿದ್ದಿದ್ದ ನೊಣಗಳು ಚಕ್ರದ ಕೆಳಗೆ ಚಟಚಟ ಎನ್ನುತ್ತಿದ್ದವು. ಅಕ್ಕನಿಗೆ ಅದು ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಕೇಂದ್ರದ ಬೀಗ ತೆಗೆದು, ಸಿಬ್ಬಂದಿ ಬಂದು, ಯಂತ್ರ ತೊಳೆದು, ಸೂಜಿ ಚುಚ್ಚುವಷ್ಟರಲ್ಲಿ ಹನ್ನೆರಡೂವರೆ. ಸಂಜೆ ಐದಕ್ಕೆ ಅವಳು ಕಣ್ಣು ಬಿಟ್ಟು ನೀರು ಕೇಳಿದಳು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ನಾಚಿಕೆಯಾಗಲಿಲ್ಲ. ಆದರೆ ಅವಳ ಪಕ್ಕದ ಎರಡು ಹಾಸಿಗೆ ಖಾಲಿ ಇದ್ದವು. ಅಲ್ಲಿ ಮಲಗುತ್ತಿದ್ದ ಇಬ್ಬರ ಕೊನೆಯ ದಿನ ನಮ್ಮ ಓಕುಳಿಗಿಂತ ಮೊದಲೇ ಬಂದಿತ್ತು.

ಇಪ್ಪತ್ತು ದಿನ ಕಳೆಯಿತು. ಆ ಎರಡು ಮನೆಗಳಿಗೆ ನಾನೊಬ್ಬನೇ ಹೋಗಿ ಬಂದೆ. ಒಂದು ಮನೆಯವರು ಕೂರಿಸಿ ಕಾಫಿ ಕೊಟ್ಟರು, ಇನ್ನೊಂದು ಮನೆಯವರು ಬಾಗಿಲು ಹಾಕಿಕೊಂಡರು. ಬಾಗಿಲು ಹಾಕಿದವರ ಮುಂದೆ ನಿಲ್ಲುವುದೇ ಸುಲಭವಾಗಿತ್ತು. ಅಷ್ಟರಲ್ಲಿ ಪಕ್ಕದ ತಾಲ್ಲೂಕಿನಲ್ಲಿ ಡೆಂಗಿ ಹೆಚ್ಚಿತು, ಆರು ಮಕ್ಕಳು ಸತ್ತರು. ಹಿಂಡನ್ನು ಸರಿಪಡಿಸಿ ಮತ್ತೆ ಬಿಡಬೇಕೆಂದು ಮೇಲಿನಿಂದ ಒತ್ತಾಯ ಬಂತು. ಪದ್ಮನಾಭಯ್ಯ ರಾಜೀನಾಮೆ ಕೊಟ್ಟು ಹೋಗುವ ಮುನ್ನ ನನ್ನ ಕೈ ಹಿಡಿದು, "ಬರೆಯೋ ವಾಕ್ಯ ನೀನೇ ಬರಿ. ತಪ್ಪು ಮಾಡಿ ಗೊತ್ತಿರೋನು ನೀನೊಬ್ಬನೇ," ಎಂದರು. ಬೇಡ ಎನ್ನಲು ಆ ಆರು ಮಕ್ಕಳು ಬಿಡಲಿಲ್ಲ. ಸರಿ ಎನ್ನಲು ನಮ್ಮ ಊರಿನ ಸತ್ತವರು ಬಿಡಲಿಲ್ಲ.

ಅಂದು ಅಕ್ಕನ ಡಯಾಲಿಸಿಸ್ ನಡೆಯುತ್ತಿತ್ತು. ನಾನು ಪಕ್ಕದ ಸ್ಟೂಲಿನ ಮೇಲೆ ಖಾಲಿ ಹಾಳೆ ಹಿಡಿದು ಕೂತಿದ್ದೆ. ಯಂತ್ರ ತಿರುಗುತ್ತಿತ್ತು. ಕೊಳವೆಯಲ್ಲಿ ಅವಳ ರಕ್ತ ಹೋಗಿ ಹೋಗಿ ಬರುತ್ತಿತ್ತು. ಎಲ್ಲಿಂದಲೋ ಒಂದು ಸೊಳ್ಳೆ ಬಂದು ಅವಳ ಕಟ್ಟಿಟ್ಟ ಕೈಯ ಮಣಿಕಟ್ಟಿನ ಬಳಿ ಕೂತಿತು. ಒಂದೂವರೆ ತಿಂಗಳಲ್ಲಿ ನಾನು ನೋಡಿದ ಮೊದಲ ಸೊಳ್ಳೆ. ಅಕ್ಕ ಇನ್ನೊಂದು ಕೈಯಿಂದ ಪಟ್ಟನೆ ಹೊಡೆದಳು. ಅಂಗೈ ನೋಡಿಕೊಂಡು ಸೀರೆಗೆ ಒರೆಸಿದಳು.

"ಎಲ್ಲಾನೂ ಕೊಂದ್ರೆ ಅವ್ನು ವಾಪಸ್ ಬರ್ತಾನೆ ಅಂದ್ಕೊಂಡಿದ್ದೆ ಕಣೋ," ಎಂದಳು. "ಹಾಗೆ ಯಾರಾದ್ರೂ ಅಂದ್ಕೋತಾರಾ? ನಾನ್ ಅಂದ್ಕೊಂಡಿದ್ದೆ."

ಅವಳು ಹಾಳೆಯತ್ತ ನೋಡಿದಳು.

"ಇನ್ನೂ ಬರ್ದಿಲ್ವಾ?"

"ಏನ್ ಬರೀಲಿ ಅಂತ ಗೊತ್ತಾಗ್ತಿಲ್ಲ ಅಕ್ಕ."

ಅವಳು ದಿಂಬಿನ ಮೇಲೆ ತಲೆಯನ್ನು ನನ್ನ ಕಡೆ ಹೊರಳಿಸಿದಳು.

"ಸಂಜೆ ಆಯ್ತು ಅಂದ್ರೆ ಮನೆಗೆ ಬಂದ್ಬಿಡು ಅಂತ ಬರಿ. ಎಲ್ಲೇ ಇರು, ಏನೇ ಮಾಡ್ತಿರು, ಹೊಟ್ಟೆ ತುಂಬಿರ್ಲಿ ಬಿಡ್ಲಿ, ದೀಪ ಹಚ್ಚೋ ಹೊತ್ಗೆ ಮನೇಲಿರ್ಬೇಕು." ಅವಳು ಹಾಳೆಯ ಅಂಚು ಮುಟ್ಟಿದಳು. "ಆಡೋಕೆ ಹೋಗ್ವಾಗ ಭುವನಂಗೆ ಹೇಳ್ತಿದ್ದೆ ಹಂಗೆ."

"ಹಾಗೆ ಬರೆದ್ರೆ ಸೊಳ್ಳೆ ಪೂರ್ತಿ ಮುಗಿಯಲ್ಲ ಅಕ್ಕ. ಅರ್ಧ ಉಳಿಯುತ್ತೆ."

"ಉಳೀಲಿ ಬಿಡು," ಎಂದಳು ಅಕ್ಕ.

ನಾನು ಹಾಳೆಯನ್ನು ಮೊಣಕಾಲ ಮೇಲಿಟ್ಟುಕೊಂಡು ಅವಳು ಹೇಳಿದಂತೆಯೇ ಬರೆದೆ.